ನೆಲ ಗುಡುಗಿದ ವರ್ಷದ ಅಕ್ಕೋರು

ಹೋದ ತಿಂಗಳು ನಮ್ಮ ಪಕ್ಕದ ಹಳೆಯ ಮನೆಯನ್ನು ಕೆಡವಿದರು. ಹಾನಗಲ್ಲಿನ ನಮ್ಮ ಓಣಿಯಲ್ಲಿ ಉಳಿದಿದ್ದ ಕೊನೆಯ ಕಲ್ಲುಮಣ್ಣಿನ ಮನೆ ಅದು. ಜೆಸಿಬಿ ಗೋಡೆಗೆ ಬಾಯಿ ಹಾಕಿದಾಗ ಎದ್ದ ಧೂಳು ಅಡಗಲೆಂದು ಒಬ್ಬ ಪೈಪು ಹಿಡಿದು ನೀರು ಹೊಡೆದ. ಆಗ ಆ ವಾಸನೆ ಬಂತು. ಎಷ್ಟೋ ವರ್ಷ ಗೋಡೆಯ ಹೊಟ್ಟೆಯಲ್ಲಿ ಕತ್ತಲಲ್ಲಿದ್ದ ಮಣ್ಣು, ಹುಲ್ಲು, ಸೆಗಣಿ, ಒಲೆಯ ಹೊಗೆ ಎಲ್ಲ ಒಮ್ಮೆಲೇ ನೆನೆದರೆ ಬರುವ ಮುಗ್ಗಲು ವಾಸನೆ. ನಾನು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಕೈಯಲ್ಲಿದ್ದ ಒದ್ದೆ ಸೀರೆಯನ್ನು ಹಾಗೆಯೇ ಹಿಡಿದುಕೊಂಡು ಕೆಳಗೆ ಕುಳಿತುಬಿಟ್ಟೆ. ಜೀವಮಾನದಲ್ಲಿ ಹಿಂದೆ ಒಂದೇ ಒಂದು ಸಲ ಆ ವಾಸನೆ ನನ್ನ ಮೂಗು, ಬಾಯಿ, ಗಂಟಲು ತುಂಬಿತ್ತು. ಅದರ ಹಿಂದೆಯೇ ಅಕ್ಕೋರು ನೆನಪಾದರು...

ನನ್ನ ತವರು ಹಿರೇಕೆರೂರು ತಾಲೂಕಿನ ಒಂದು ಹಳ್ಳಿ, ಗುಡ್ಡದ ಬುಡದಲ್ಲಿದೆ. ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಅವರು ನಮ್ಮ ಹೈಸ್ಕೂಲಿಗೆ ಭೂಗೋಳ, ಇತಿಹಾಸ ಕಲಿಸಲು ಬಂದರು. ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಅಕ್ಕೋರು ಅನ್ನುತ್ತೇವೆ. ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಸವಣೂರಿನ ಸಾಬರ ಮನೆತನದವರು. ಮದುವೆಯಾಗಿರಲಿಲ್ಲ. ತಲೆಯ ಮೇಲೆ ಸೆರಗು, ಎಡಗೈಯಲ್ಲಿ ಗಂಡಸರ ಗಡಿಯಾರ, ಹಿಂದಿನ ಬೆಂಚಿನವರಿಗೂ ಕೇಳುವ ಗಟ್ಟಿ ದನಿ. ನಮ್ಮ ಹಿತ್ತಲಿಗೆ ಹಿತ್ತಲು ಹತ್ತಿದ ಮನೆಯಲ್ಲಿ ಒಂದು ಖೋಲಿ ಬಾಡಿಗೆ ಹಿಡಿದಿದ್ದರು. ಶನಿವಾರ ಸವಣೂರಿಗೆ ಹೋಗಿ ಸೋಮವಾರ ಬರುವಾಗ ಅವ್ವನಿಗೊಂದು ಪೊಟ್ಟಣ ಕುರುಕಲು ಸವಣೂರು ಖಾರಾ ತರುತ್ತಿದ್ದರು. ಅವ್ವ ಬೇಲಿಯ ಮೇಲಿಂದ ಬಿಸಿ ರೊಟ್ಟಿ ಕೊಡುತ್ತಿದ್ದಳು. ಇಬ್ಬರೂ ಹೆಚ್ಚು ಮಾತಾಡಿದ್ದು ನಾನು ಕಂಡಿಲ್ಲ. ಆದರೆ ರೊಟ್ಟಿ ಬಡಿಯುವ ಸದ್ದು ನಿಂತರೆ ಸಾಕು, ಅಕ್ಕೋರು ಬೇಲಿಯ ಹತ್ತಿರ ಬಂದಿರುತ್ತಿದ್ದರು.

ಅವರು ಪಾಠ ಮಾಡುವ ರೀತಿಯೇ ಬೇರೆ. ಹಿಮಾಲಯ ಹುಟ್ಟಿದ್ದು ಹೇಗೆ ಎಂದು ಹೇಳಲು ಒಂದು ದಿನ ತಮ್ಮ ಕೌದಿಯನ್ನೇ ಹೊತ್ತು ತಂದರು. ನೆಲದ ಮೇಲೆ ಹಾಸಿ ಇಬ್ಬರು ಹುಡುಗಿಯರನ್ನು ಆ ತುದಿ ಈ ತುದಿಗೆ ಕೂರಿಸಿ, ಒಳಗೆ ದಬ್ಬಿರಿ ಅಂದರು. ಕೌದಿ ನಡುವೆ ಮಡಿಕೆ ಮಡಿಕೆಯಾಗಿ ಎದ್ದಿತು.

“ಇದು ನಮ್ಮ ನೆಲ, ಅದು ಏಷ್ಯಾ. ಭೂಮಿ ಮ್ಯಾಲಿನ ತೊಗಟಿ ಒಂದ ತುಂಡಿಲ್ಲ, ಹಲವು ಫಲಕ ಅದಾವ. ನಮ್ಮ ಫಲಕ ನಡಕೋತ ಹೋಗಿ ಅದಕ್ಕ ಡಿಕ್ಕಿ ಹೊಡೀತು. ಇನ್ನೂ ದಬ್ಬಾಕತ್ತೈತಿ. ವರ್ಷಕ್ಕ ಎರಡು ಮೂರು ಬೆರಳಷ್ಟು. ನೀವು ಇಲ್ಲಿ ಸುಮ್ನ ಕುಂತೀರಿ ಅಂತ ತಿಳಕೊಂಡೀರಿ, ಕುಂತಲ್ಲೇ ಉತ್ತರಕ್ಕ ಹೊಂಟೀರಿ.”

ನಾವೆಲ್ಲ ನೆಲ ನೋಡಿಕೊಂಡೆವು. ನಾನು ಕೈ ಎತ್ತಿ, ಸವಣೂರಿನ ಆ ದೊಡ್ಡಹುಣಸೆ ಎನ್ನುವ ಬಾವೊಬಾಬ್ ಮರಗಳು ಆಫ್ರಿಕಾದವಂತೆ, ಎರಡೂ ನೆಲ ಕೂಡಿದ್ದಾಗ ಬಂದವೇ ಎಂದು ಕೇಳಿದೆ. ಅಕ್ಕೋರು ನಕ್ಕರು. “ಇಲ್ಲವಾ. ಅವನ್ನ ಯಾರೋ ಹಡಗಿನ್ಯಾಗ ತಂದು ಹಚ್ಚ್ಯಾರ. ನೆಲ ಬ್ಯಾರೆ ಆಗಿದ್ದು ಮನಷ್ಯಾ ಹುಟ್ಟೂಕಿಂತ ಎಷ್ಟೋ ಮೊದ್ಲ. ಆದ್ರ ಪ್ರಶ್ನೆ ಚಲೋ ಐತಿ.” ಆ ಒಂದು ಮಾತಿಗೆ ನಾನು ಅವರ ಹಿಂದೆ ಹಿಂದೆಯೇ ಅಡ್ಡಾಡತೊಡಗಿದೆ. ಗುಡ್ಡದ ಕಲ್ಲು ತೋರಿಸಿ ಅವರು ಹೇಳುತ್ತಿದ್ದರು: ನಮ್ಮ ಕಡೆಯ ಕಲ್ಲು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯದು, ಹಿಮಾಲಯ ಇದರ ಮುಂದೆ ತೊಟ್ಟಿಲಿನ ಕೂಸು. ನಾನದನ್ನು ಮನೆಗೆ ಬಂದು ಅವ್ವನಿಗೆ ಹೇಳುತ್ತಿದ್ದೆ. ಅವ್ವ ಹಿಟ್ಟು ನಾದುತ್ತ “ಹೌದೇನು” ಅನ್ನುತ್ತಿದ್ದಳು, ಅಷ್ಟೇ.

ಮರುವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಗೋವಿನಜೋಳದ ತೆನೆ ಹೊಲದಲ್ಲಿಯೇ ಮೊಳಕೆ ಒಡೆಯಿತು. ಒಣಗಿದ ಬಾವಿಗಳೆಲ್ಲ ತುಂಬಿ ಬಂದವು. ದಸರೆ ರಜೆ ಮುಗಿದು ಶಾಲೆ ಶುರುವಾದ ವಾರ, ಮಧ್ಯಾಹ್ನ ಊಟದ ನಂತರದ ತರಗತಿ. ಕೆಳಗಿನಿಂದ ‘ಧಡ್’ ಎಂದು ಒಂದು ಸದ್ದು ಬಂತು. ಸದ್ದಿಗಿಂತ ಮೊದಲು ಅದು ಅಂಗಾಲಿಗೆ ಬಡಿಯಿತು. ಕಿಟಕಿಯ ಸರಳು ಒಂದು ಗಳಿಗೆ ನಡುಗಿ ನಿಂತವು.

“ಕ್ವಾರ‍್ಯಾಗ ಮದ್ದು ಹಾರಿಸ್ಯಾರ” ಎಂದ ಯಾರೋ.

“ಇಲ್ರಿ, ಕ್ವಾರಿ ಬಂದ್ ಐತ್ರಿ. ನಮ್ಮಪ್ಪ ಮನ್ಯಾಗ ಅದಾನ” ಎಂದಳು ನನ್ನ ಪಕ್ಕದ ಹುಡುಗಿ. ಅವಳಪ್ಪ ಗುಡ್ಡದ ಆಚೆ ಕಲ್ಲು ಒಡೆಯುವ ಕೆಲಸಕ್ಕೆ ಹೋಗುತ್ತಿದ್ದ.

ಅಕ್ಕೋರು ಮೊಣಕಾಲೂರಿ ಕುಳಿತು ಅಂಗೈಯನ್ನು ನೆಲದ ಮೇಲೆ ಇಟ್ಟರು. ಜ್ವರ ಬಂದ ಕೂಸಿನ ಹಣೆ ಮುಟ್ಟಿದಂತೆ. ನಾವು ಅವರ ಮುಖ ನೋಡಿದೆವು. ಮತ್ತೊಮ್ಮೆ ಧಡ್. ಮೇಜಿನ ಮೇಲಿನ ಸುಣ್ಣದ ಕಡ್ಡಿ ಉರುಳಿ ಕೆಳಗೆ ಬಿತ್ತು. ಅಕ್ಕೋರು ಎದ್ದರು. ದನಿ ಏರಿಸಲಿಲ್ಲ. “ಪಾಟಿಚೀಲ ಅಲ್ಲೇ ಬಿಡ್ರಿ. ಓಡಬ್ಯಾಡ್ರಿ. ಸಾಲಿಗೆ ಸಾಲು ಮೈದಾನಕ್ಕ ನಡೀರಿ.” ಕೊನೆಯವರು ಹೊರಗೆ ಬರುವ ತನಕ ಅವರು ಬಾಗಿಲ ಚೌಕಟ್ಟಿನಲ್ಲಿಯೇ ನಿಂತಿದ್ದರು.

ಆ ದಿನ ಸಂಜೆಯೊಳಗೆ ಊರೆಲ್ಲ ಹೊರಗಿತ್ತು. ಸದ್ದು ಮರುದಿನ ಮೂರು ಸಲ ಬಂತು, ಅದರ ಮರುದಿನ ಒಂದೇ ಸಲ. ಯಾವಾಗ ಬರುತ್ತದೆಂದು ಗೊತ್ತಿಲ್ಲದ್ದೇ ದೊಡ್ಡ ಹಿಂಸೆ. ಅನ್ನದ ತಟ್ಟೆ ಹಿಡಿದವರು ತಟ್ಟೆ ಕೆಳಗಿಟ್ಟು ಕಾಯುತ್ತಿದ್ದರು. ಗುಡ್ಡ ಕೆಳಗಿಳಿಯುತ್ತದಂತೆ, ಗುರುವಾರದೊಳಗೆ ದೊಡ್ಡದೊಂದು ಬರುತ್ತದಂತೆ ಎಂದು ಮೊಬೈಲಿನಲ್ಲಿ ಸುದ್ದಿ ಹರಿದಾಡಿತು. ಶಾಲೆಯ ಮೈದಾನದಲ್ಲಿ ತಾಡಪಾಲು ಕಟ್ಟಿಕೊಂಡು, ಜಿನುಗುವ ಮಳೆಯಲ್ಲಿ, ಮಂಡಕ್ಕಿ ಮುಕ್ಕುತ್ತ ಆರು ದಿನ ಕಳೆದೆವು. ನನ್ನ ಸಣ್ಣ ತಮ್ಮನಿಗೆ ಜ್ವರ ಹತ್ತಿತು. ಇನ್ನೂ ಹಲವು ಕೂಸುಗಳಿಗೆ ಹತ್ತಿತು. ಒಬ್ಬಳು ಬಾಣಂತಿ ಕೊಟ್ಟಿಗೆಯಲ್ಲಿ ಮಲಗಿದ್ದಳು.

ಅಧಿಕಾರಿಗಳು ಜೀಪಿನಲ್ಲಿ ಬಂದು, ಹೆದರುವಂಥದ್ದೇನಿಲ್ಲ ಎಂದು ಹೇಳಿ ಹೋದರು. ಜನ ನಂಬಲಿಲ್ಲ. ಹೆದರಿಕೆಯಿಲ್ಲ ಅಂದವರು ಮಾಳಿಗೆಯ ಕೆಳಗೆ ನಿಂತು ಚಹಾ ಕುಡಿಯಲಿಲ್ಲವಲ್ಲ ಎಂದು ಅಪ್ಪ ಅಂದ. ಕೊನೆಗೆ ಪಂಚಾಯ್ತಿಯ ಅಧ್ಯಕ್ಷರು ಅಕ್ಕೋರ ಹತ್ತಿರ ಬಂದರು. “ನೀವರ ಹೇಳ್ರಿ. ನಿಮ್ಮ ಮಾತು ಕೇಳ್ತಾರ.”

ಆರನೆಯ ದಿನ ಇಳಿಹೊತ್ತಿಗೆ ಅಕ್ಕೋರು ಧ್ವಜದ ಕಟ್ಟೆಯ ಮೇಲೆ ನಿಂತು ಮಾತಾಡಿದರು. ನಮಗೆ ಹೇಳಿದ್ದನ್ನೇ ಊರಿಗೆ ಹೇಳಿದರು. ಫಲಕಗಳು ಒಂದಕ್ಕೊಂದು ತಿಕ್ಕುವ ಗಡಿ ಬಲು ದೂರ, ಉತ್ತರದಲ್ಲಿದೆ. ನಾವಿರುವುದು ಫಲಕದ ನಡುವೆ, ಬಹಳ ಹಳೆಯ, ಗಟ್ಟಿ ಕಲ್ಲಿನ ಮೇಲೆ. ಈ ಸಲ ಮಳೆ ವಿಪರೀತವಾಗಿ ನೀರು ಕಲ್ಲಿನ ಸಂದಿಗಳೊಳಗೆ ಇಳಿದಿದೆ, ಒಳಗೆ ಸಣ್ಣದಾಗಿ ಸರಿದು ಕೂಡುವಾಗ ಈ ಸದ್ದು. ಬಹುಶಃ ಮಳೆ ನಿಂತ ಮೇಲೆ ನಿಲ್ಲುತ್ತದೆ.

ಒಬ್ಬ ಅಜ್ಜ ಎದ್ದು ನಿಂತ. “ಅಕ್ಕೋರ, ಇಷ್ಟ ಹೇಳ್ರಿ. ಭೂಮಿ ಬಾಯಿ ಬಿಡತೈತೋ ಇಲ್ಲೋ?”

“ಬಿಡೂದಿಲ್ಲ ಅಜ್ಜಾರ. ನಮ್ಮ ನೆಲ ಗಟ್ಟಿ ಐತಿ.”

“ಹಂಗಾರ ಮನ್ಯಾಗ ಹೋಗಬಹುದಲ್ರಿ?” ಕೂಸನ್ನು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಕೇಳಿದಳು.

ಅಕ್ಕೋರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡದ್ದು ನನಗೆ ನೆನಪಿದೆ. ಮೋಡ ನೋಡಿದರು, ಕೆಮ್ಮುತ್ತಿದ್ದ ಕೂಸುಗಳನ್ನು ನೋಡಿದರು. ಇಡೀ ಮೈದಾನ ಅವರ ಬಾಯಿಯನ್ನೇ ನೋಡುತ್ತಿತ್ತು.

“ಹೋಗ್ರಿ” ಅಂದರು.

ಜನ ಎದ್ದು ಕೌದಿ ಝಾಡಿಸತೊಡಗಿದರು. ಅವ್ವ ಮಾತ್ರ ಅಲ್ಲಾಡಲಿಲ್ಲ. “ನನಗ್ಯಾಕೋ ಧೈರ್ಯ ಬರವಲ್ದು. ನಮ್ಮ ಅಡಗಿ ಮನಿ ಗ್ವಾಡಿ ನೋಡೀಯಿಲ್ಲೋ, ನೀರ ಕುಡದು ಹೊಟ್ಟಿ ಬಂದೈತಿ.”

ನನಗೆ ಸಿಟ್ಟು ಬಂತು. ಎಲ್ಲರ ಮುಂದೆ ಅಕ್ಕೋರ ಮಾತಿಗೆ ನಮ್ಮ ಮನೆಯವರೇ ಬೆಲೆ ಕೊಡದಿದ್ದರೆ ಹೇಗೆ! “ಅಕ್ಕೋರಿಗಿಂತ ನಿನಗ ಹೆಚ್ಚು ಗೊತ್ತೈತೇನು? ನಮ್ಮ ನೆಲ ಗಟ್ಟಿ ಐತಿ ಅಂತ ಹೇಳಿದ್ದು ಕೇಳಲಿಲ್ಲೇನು?” ಎಂದೆ. ಅವ್ವ ನನ್ನ ಮುಖವನ್ನೊಮ್ಮೆ ನೋಡಿ ಕೌದಿ ಮಡಚತೊಡಗಿದಳು. ಅಂದು ರಾತ್ರಿ ಮನೆಗೆ ಬಂದರೂ ನಾವು ಅಂಗಳದಲ್ಲೇ ಮಲಗಿದೆವು. ಮರುದಿನ ಬೆಳಿಗ್ಗೆ ಅವಳು ಯಾರಿಗೂ ಏನೂ ಹೇಳದೆ ಒಳಗೆ ಹೋಗಿ ಒಲೆ ಹೊತ್ತಿಸಿದಳು. ರೊಟ್ಟಿ ಬಡಿಯುವ ಸದ್ದು ಕೇಳಿದಾಗ, ನಾನು ಗೆದ್ದೆ ಅಂದುಕೊಂಡೆ.

ನಳದ ಹತ್ತಿರ ಕೊಡ ತುಂಬುತ್ತಿದ್ದೆ. ಕೆಳಗೆ ಒಂದು ಗುಡುಗು. ಮೊದಲಿನವುಗಳಿಗಿಂತ ಸಣ್ಣದು, ಕೊಡದ ನೀರು ತುಳುಕಲೂ ಇಲ್ಲ. ಆಮೇಲೆ ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆ ಸ್ವಲ್ಪ ಹೊತ್ತಿನಲ್ಲಿ ನಾನು ಕೂಗಬಹುದಿತ್ತು... ಕೂಗಲಿಲ್ಲ. ಅಡುಗೆ ಮನೆಯ ಗೋಡೆ ದಣಿದ ಎತ್ತಿನಂತೆ ನಿಂತಲ್ಲೇ ಕುಸಿದು ಕೂತಿತು. ಧೂಳು, ಆ ವಾಸನೆ. ರೊಟ್ಟಿಯ ಸದ್ದು ನಿಂತಿತ್ತು.

ಎಲ್ಲರಿಗಿಂತ ಮೊದಲು ಬೇಲಿ ದಾಟಿ ಬಂದವರು ಅಕ್ಕೋರು. ತಲೆಯ ಮೇಲೆ ಸೆರಗಿರಲಿಲ್ಲ. ಅವರ ಕೂದಲನ್ನು ನಾನು ನೋಡಿದ್ದು ಅಂದೇ. ಅವ್ವನನ್ನು ತೋಳು ಹಿಡಿದು ಎಳೆಯಲು ಹೋದ ಅಪ್ಪನನ್ನು ತಡೆದರು. “ಜಗ್ಗಬ್ಯಾಡ್ರಿ! ಮೊದ್ಲ ಕಲ್ಲು ತಗೀರಿ, ಮ್ಯಾಲಿನವು ಮೊದ್ಲ!” ಬರಿಗೈಯಲ್ಲಿ ಕಲ್ಲು ಎತ್ತಿ ಎತ್ತಿ ಹಿಂದೆ ಹಾಕಿದರು. ಅವರ ಉಗುರಿನಿಂದ ರಕ್ತ ಬರುತ್ತಿತ್ತು. ಅವ್ವ ಬದುಕಿದ್ದಳು. ಬಲಗೈ ಮಾತ್ರ ಒಂದು ದೊಡ್ಡ ಕಲ್ಲಿನ ಕೆಳಗಿತ್ತು. ಆ ಕಲ್ಲು ಎತ್ತಿದಾಗ ಬೆರಳುಗಳಿಗೆ ಇನ್ನೂ ಹಿಟ್ಟು ಹತ್ತಿತ್ತು.

ಟೆಂಪೋದಲ್ಲಿ ಹಿರೇಕೆರೂರಿಗೆ, ಅಲ್ಲಿಂದ ಹುಬ್ಬಳ್ಳಿಯ ದವಾಖಾನೆಗೆ. ಹಾದಿಯುದ್ದಕ್ಕೂ ಅವ್ವನ ತಲೆ ಅಕ್ಕೋರ ತೊಡೆಯ ಮೇಲಿತ್ತು. ಕೈ ಉಳಿಯಿತು. ಮೂರು ಬೆರಳು ಮಾತ್ರ ಮತ್ತೆ ಮಡಚಲಿಲ್ಲ. ಅವ್ವ ಮುಂದೆಂದೂ ರೊಟ್ಟಿ ಬಡಿಯಲಿಲ್ಲ.

ಊರಿನಲ್ಲಿ ಮಾತು ತಿರುಗಿತು. ಒಳಗೆ ಹೋಗ್ರಿ ಅಂದವರು ಯಾರು, ಪರವೂರಿನವರಿಗೆ ನಮ್ಮ ಮನೆಯ ಚಿಂತೆ ಯಾಕೆ, ಎಂದು ಚಹದ ಅಂಗಡಿಯಲ್ಲಿ ಒಬ್ಬಿಬ್ಬರು ಅವರ ಜಾತಿಯನ್ನೂ ಎತ್ತಿ ಆಡಿದರು. ಹುಬ್ಬಳ್ಳಿಯಿಂದ ಅಪ್ಪ ಬಂದ ದಿನ ಸೀದಾ ಅಕ್ಕೋರ ಖೋಲಿಯ ಮುಂದೆ ಹೋಗಿ ನಿಂತ. ಹಿಂದೆ ಹತ್ತು ಹದಿನೈದು ಜನ ಕೂಡಿದರು. ನಾನು ಬೇಲಿಯ ಈಚೆ ನಿಂತು ನೋಡುತ್ತಿದ್ದೆ. ಅಪ್ಪ ಸಿಟ್ಟಿನ ಮನುಷ್ಯ, ಏನು ಮಾಡುತ್ತಾನೋ ಗೊತ್ತಿರಲಿಲ್ಲ. ಅಕ್ಕೋರು ಬಾಗಿಲು ತೆರೆದು ಹೊರಗೆ ಬಂದರು. ಬೆರಳುಗಳಿಗೆ ಬಟ್ಟೆ ಸುತ್ತಿದ್ದರು.

“ಹೋಗ್ರಿ ಅಂದ್ರಿ ನೀವು” ಎಂದ ಅಪ್ಪ.

“ಅಂದೆ.”

“ನೆಲ ಗಟ್ಟಿ ಐತಿ ಅಂದ್ರಿ.”

“ನೆಲ ಗಟ್ಟಿನ ಐತ್ರಿ. ನೀವು ನೆಲದ ಬಗ್ಗೆ ಕೇಳಾಕತ್ತೀರಿ ಅಂತ ನಾ ತಿಳಕೊಂಡೆ. ನೀವು ಮನಿ ಬಗ್ಗೆ ಕೇಳಿದ್ರಿ. ನನಗದು ತಿಳೀಬೇಕಿತ್ತು. ಒಂದ ಗ್ವಾಡಿನೂ ನೋಡದ ಹೋಗ್ರಿ ಅಂದೆ. ತಪ್ಪು ನಂದು.”

ಜಗಳಕ್ಕೆ ಬಂದವರಿಗೆ ಹಿಡಿಯಲು ಏನೂ ಸಿಗಲಿಲ್ಲ. ಅಪ್ಪ ಅವರ ಬಟ್ಟೆ ಸುತ್ತಿದ ಬೆರಳುಗಳನ್ನು ನೋಡಿ ತಿರುಗಿ ಬಂದ. ಆದರೆ ಮನೆಯ ಮಾಲೀಕ ಖೋಲಿ ಬಿಡಲು ಹೇಳಿದ. ಅಕ್ಕೋರು ಹಿರೇಕೆರೂರಿಗೆ ಬಿಡಾರ ಬದಲಿಸಿ ಬಸ್ಸಿನಲ್ಲಿ ಬಂದು ಹೋಗತೊಡಗಿದರು.

ವರ್ಗ ಮಾಡಿಸಿಕೊಂಡು ಹೋಗುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದೆವು. ಅವರು ಹೋಗಲಿಲ್ಲ. ಶಾಲೆ ಬಿಟ್ಟ ಮೇಲೆ ಸಂಜೆಯ ಕೊನೆಯ ಬಸ್ಸಿನ ತನಕ ಮನೆ ಮನೆ ತಿರುಗತೊಡಗಿದರು. ಕೈಯಲ್ಲಿ ತುದಿಗೆ ಕಲ್ಲು ಕಟ್ಟಿದ ಒಂದು ದಾರ. ಗೋಡೆಯ ನೆತ್ತಿಯಿಂದ ಅದನ್ನು ಇಳಿಬಿಟ್ಟು, ಗೋಡೆ ಎಷ್ಟು ವಾಲಿದೆ, ಎಲ್ಲಿ ಹೊಟ್ಟೆ ಬಂದಿದೆ ನೋಡುತ್ತಿದ್ದರು. ಮೊದಲ ದಿನ ಎಷ್ಟೋ ಬಾಗಿಲು ಅವರ ಮುಖದ ಮೇಲೆ ಹಾಕಿಕೊಂಡವು. ಒಬ್ಬಾಕೆ ಅವರು ನಿಂತ ಹೊಸ್ತಿಲಿಗೆ ನೀರು ಸುರುವಿ ತೊಳೆದಳು. ಅವರು ಮುಂದಿನ ಮನೆಗೆ ಹೋದರು. ನಾಲ್ಕನೆಯ ದಿನ ಊರಿನ ಮನೆಗಳನ್ನು ಕಟ್ಟಿದ ಮುದುಕ ಗೌಂಡಿಯೊಬ್ಬ, “ದಾರ ಹಿಂಗಲ್ರಿ ಅಕ್ಕೋರ, ಹಿಂಗ ಹಿಡೀರಿ” ಎನ್ನುತ್ತ ಜೊತೆಗೆ ಬಂದ. ಅವನು ಬಂದ ಮೇಲೆ ಬಾಗಿಲು ತೆರೆದವು. ಉಬ್ಬಿದ ಗೋಡೆಗೆ ಒತ್ತುಗಂಬ ಕೊಡಿಸಿದರು, ಕೆಲವನ್ನು ಇಳಿಸಿದರು, ಮಾಳಿಗೆಯ ಮೇಲಿನ ಮಣ್ಣಿನ ಭಾರ ತೆಗೆಸಿದರು. ಒಬ್ಬ ಮುದುಕಿ ಎದ್ದು ಹೊರಗೆ ಬರಲು ಒಪ್ಪದಿದ್ದಾಗ, ಅದೇ ಗೋಡೆಯ ಬುಡದಲ್ಲಿ ಅವಳ ಪಕ್ಕ ತಾವೂ ಕುಳಿತುಬಿಟ್ಟರು. “ನೀವು ಏಳೂಮಟ ನಾನೂ ಏಳೂದಿಲ್ರಿ.” ಮುದುಕಿ ಬೈಯುತ್ತಲೇ ಎದ್ದಳು.

ಒಂದು ಸಂಜೆ ಅವರನ್ನು ಬಸ್ಸಿಗೆ ಬಿಡಲು ಹೋದಾಗ ನನಗೆ ತಡೆಯಲಾಗಲಿಲ್ಲ. “ಅಕ್ಕೋರ, ಅವ್ವ ಒಳಗ ಹೋಗಾಕ ಒಲ್ಲೆ ಅಂದಿದ್ಲು. ನಾನ ಬೈದು ಕಳಿಸಿದೆ” ಎಂದೆ. ಅಳು ಒತ್ತರಿಸಿ ಬಂತು.

ಅವರು ನಿಂತರು. “ನಿನಗ ಹೇಳಿದವ್ರು ಯಾರು?”

“ನೀವು.”

“ಹಂಗಾರ ಅದು ನನ್ನ ಕಡೆ ಇರಲಿ. ನೀ ಹೊರಬ್ಯಾಡ. ತಿಳೀತೇನು? ಯಾರ ಮುಂದೂ ಹೇಳಬ್ಯಾಡ.”

ಬಸ್ಸು ಬಂತು, ಹತ್ತಿ ಹೋದರು. ಆ ದಿನದಿಂದ ನನಗೆ ನಿದ್ದೆ ಬರತೊಡಗಿತು. ಅವರ ನಿದ್ದೆಯ ವಿಚಾರ ಆಗ ನನಗೆ ಹೊಳೆಯಲಿಲ್ಲ... ಹದಿನಾಲ್ಕು ವರ್ಷದವಳಿಗೆ ಹೊಳೆಯುವುದೂ ಇಲ್ಲ.

ಅವ್ವ ದವಾಖಾನೆಯಿಂದ ಬಂದ ಮರುದಿನ ಅಕ್ಕೋರು ಬಂದು ಹೊಸ್ತಿಲಾಚೆ ನಿಂತರು. “ಬರ‍್ರಿ, ಕುಂದರ‍್ರಿ” ಅಂದಳು ಅವ್ವ. ನಾನು ಚಹಾ ಮಾಡಿದೆ. ಮಳೆಯ ಮಾತಾಡಿದರು, ತಮ್ಮನ ಜ್ವರದ ಮಾತಾಡಿದರು. ಅಕ್ಕೋರ ಕಣ್ಣು ಅವ್ವನ ಕೈಯ ಬಿಳಿ ಪಟ್ಟಿಯಿಂದ ಕದಲಲಿಲ್ಲ. ಆ ಬೆಳಿಗ್ಗೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮಳೆ ನಿಂತು ತಿಂಗಳೊಪ್ಪತ್ತಿನಲ್ಲಿ ಸದ್ದೂ ನಿಂತಿತು. ಮತ್ತೊಂದು ಗೋಡೆಯೂ ಬೀಳಲಿಲ್ಲ. ಇಳಿಸಿದ ಗೋಡೆ ಮತ್ತೆ ಕಟ್ಟಬೇಕಾಗಿ ಬಂದವರು, ಅಕ್ಕೋರು ಸುಮ್ಮನೆ ಕೆಡವಿಸಿದರು ಎಂದು ಗೊಣಗಿದರು. ಅದನ್ನು ಕೇಳಿ ಅವರು, “ಬಿದ್ದಿದ್ರ ನನ್ನ ಮಾತು ಖರೇ ಅಂತಿದ್ರು. ಬೀಳಲಿಲ್ಲ, ಚಲೋ ಆತು” ಎಂದರು. ಮುಂದಿನ ಬೇಸಿಗೆಯಲ್ಲಿ ಅವರಿಗೆ ಸವಣೂರಿನ ಕಡೆ ವರ್ಗವಾಯಿತು.

ಆಮೇಲೆ ಒಂದೇ ಸಲ ಅವರನ್ನು ಕಂಡೆ, ಶಿಗ್ಗಾವಿಯ ಬಸ್ ನಿಲ್ದಾಣದಲ್ಲಿ. ನನಗೆ ಮದುವೆಯಾಗಿ ಆಗಲೇ ಎರಡು ವರ್ಷ. ತಡಸಕ್ಕೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಕುಳಿತಿದ್ದರು, ಕೂದಲು ನೆರೆತಿತ್ತು. ಓಡಿಹೋಗಿ ಕಿಟಕಿ ಹಿಡಿದೆ. ನಾನು ಹೇಗಿದ್ದೇನೆ, ಎಲ್ಲಿದ್ದೇನೆ ಎಂದು ಕೇಳಲಿಲ್ಲ. “ಅವ್ವನ ಕೈ ಹೆಂಗೈತವಾ?” ಅಂದರು. “ಆರಾಮ ಐತ್ರಿ” ಎಂದೆ. ಬಸ್ಸು ಹೊರಟಿತು. ಬರ್ತೇನಿ ಅಕ್ಕೋರ, ಸವಣೂರಿಗೆ ಬರ್ತೇನಿ ಎಂದು ಕೂಗಿದೆ. ಹೋಗಲಿಲ್ಲ... ಸಂಸಾರ, ಮಕ್ಕಳು. ಹಾನಗಲ್ಲಿನಿಂದ ಸವಣೂರು ಎಷ್ಟು ದೂರ ಮಹಾ!

ಕೊನೆಗೆ ಹೋದದ್ದು ಹದಿನೈದು ದಿನಗಳ ಹಿಂದೆ. ವಿಚಾರಿಸುತ್ತ ವಿಚಾರಿಸುತ್ತ ಅವರ ತಮ್ಮನ ಎಲೆ ಅಂಗಡಿ ಸಿಕ್ಕಿತು. ಒದ್ದೆ ಗೋಣಿಯ ಮೇಲೆ ವೀಳ್ಯದೆಲೆಯ ಪೆಂಡಿ ಜೋಡಿಸುತ್ತಿದ್ದ ಅವರು ತಲೆ ಎತ್ತಿ, “ಆಪಾ ಹೋಗಿ ಎರಡು ವರ್ಷ ಆತ್ರಿ” ಎಂದು ಅಕ್ಕನ ಸುದ್ದಿ ಹೇಳಿದರು. ಒಂದು ಸ್ಟೂಲು ಕೊಟ್ಟರು. ನನ್ನ ಊರು ಯಾವುದೆಂದು ಕೇಳಿದ ಮೇಲೆ ಎಲೆ ಜೋಡಿಸುವುದನ್ನು ನಿಲ್ಲಿಸಿದರು.

“ನಿಮ್ಮೂರಿನ್ಯಾಗ ಏನಾತೋ ನಮಗ ಪೂರಾ ಹೇಳಲಿಲ್ರಿ. ಆದ್ರ ಅಲ್ಲಿಂದ ಬಂದ ಮ್ಯಾಲ ಯಾರ ಮನಿಗೆ ಹೋದ್ರೂ ಮೊದ್ಲ ಗ್ವಾಡಿ ನೋಡಾಕಿ. ನನ್ನ ಮಗಳ ಶಾದಿವೊಳಗ ಊಟಕ್ಕ ಕುಂತವ್ರನ್ನ ಗ್ವಾಡಿ ಬಾಜೂದಿಂದ ಎಬ್ಬಿಸಿದ್ಲು. ಮಂದಿ ನಕ್ರು. ಕಡೀ ದಿನದಾಗ ‘ಒಂದ ಗ್ವಾಡಿ ನೋಡಬೇಕಿತ್ತು, ನೋಡಬೇಕಿತ್ತು’ ಅಂತಿದ್ಲು. ನಮಗ ಅರ್ಥ ಆಗಲಿಲ್ಲ.”

ನನಗೆ ಅರ್ಥವಾಯಿತು. ಅಲ್ಲಿ ಅಳಲೂ ಆಗಲಿಲ್ಲ.

ಅವ್ವ ಈಗ ನಮ್ಮ ಮನೆಗೆ ಬಂದು ತಿಂಗಳಾಯಿತು. ಸವಣೂರಿನಿಂದ ಬಂದವಳೇ ಅವಳ ಮುಂದೆ ಕುಳಿತು ಎಲ್ಲ ಹೇಳಿದೆ. ಅಕ್ಕೋರು ತೀರಿಕೊಂಡದ್ದು, ಅವರ ತಮ್ಮ ಹೇಳಿದ್ದು, ನಾನು ಅಂದು ಬಸ್ಸಿನ ಹತ್ತಿರ ಒಪ್ಪಿಕೊಂಡದ್ದು, ಅದು ನನ್ನ ಕಡೆ ಇರಲಿ ಎಂದು ಅವರು ಅಂದದ್ದು. ಅವ್ವ ಎಡಗೈಯಿಂದ ಬಲಗೈಯ ಬೆರಳುಗಳನ್ನು ನೀವಿಕೊಳ್ಳುತ್ತ ಕೇಳಿದಳು.

“ಯಾರ ಮಾತು ಕೇಳಿ ಹೋದ್ನೆ ನಾನು?” ಅಂದಳು. “ಅಕ್ಕೋರ ಮಾತಿಗೂ ಹೋಗಲಿಲ್ಲ, ನಿನ್ನ ಮಾತಿಗೂ ಹೋಗಲಿಲ್ಲ. ತಮ್ಮಗ ಜ್ವರ ಬಿಟ್ಟಿತ್ತು. ಮುಂಜಾನೆ ಎದ್ದವ್ನ ಬಿಸಿ ರೊಟ್ಟಿ ಕೊಡವ್ವಾ ಅಂದ. ಆರು ದಿನ ಬರೇ ಮಂಡಕ್ಕಿ ತಿಂದಿತ್ತು ಕೂಸು. ಗ್ವಾಡಿ ಬೀಳತೈತಿ ಅಂತ ನನಗ ಗೊತ್ತ ಇತ್ತು. ಎರಡು ರೊಟ್ಟಿ ಬಡದು ಬಂದ್ರಾತು ಅಂತ ಹೋದೆ.”

“ಇಷ್ಟು ವರ್ಷ ಯಾಕ ಹೇಳಲಿಲ್ಲವ್ವಾ?”

“ಯಾರು ಕೇಳಿದ್ರಿ?” ಅಂದಳು ಅವ್ವ. “ಅಪ್ಪ ಅಕ್ಕೋರನ್ನ ಕೇಳಿದ. ಊರ ಮಂದಿ ಅಕ್ಕೋರನ್ನ ಕೇಳಿದ್ರು. ನೀನೂ ಹೋಗಿ ಅಕ್ಕೋರ ಮುಂದನ ಅತ್ತಿ. ನನ್ನ ಯಾರು ಕೇಳಿದ್ರಿ?”

ಹೊರಗೆ ಮೊಮ್ಮಕ್ಕಳು ಶಾಲೆಯಿಂದ ಬಂದ ಸದ್ದಾಯಿತು. ಅವ್ವ ಎಡಗೈ ಊರಿ ಎದ್ದು, ಬಾಗಿಲು ತೆರೆಯಲು ಹೋದಳು.